ಸಂಘದ ಆನ್‌ಲೈನ್ ಬಳಗಕ್ಕೆ ಲಾಗಿನ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

"ಸಂಘದ ವೆಬ್‌ಸೈಟ್ ಓಪನ್ ಆಗ್ತಿಲ್ಲ ಸಾರ್, ಸ್ವಲ್ಪ ನೋಡಿ." ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ಬೆಳೆಗಾರರಿಂದ ಸಂಘದ ಕಚೇರಿಗೆ ಬರುವ ದೂರು ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಈ ಒಂದು ಮಾತಿನೊಳಗೆ ಬೇರೆ ಬೇರೆ ನಾಲ್ಕು ದೋಷಗಳು ಸೇರಿಕೊಂಡಿರುತ್ತವೆ. ಮೊಬೈಲಿಗೆ ಒಟಿಪಿ ಬಂದಿಲ್ಲ, ಇಮೇಲ್ ತಲುಪಿಲ್ಲ, ಸದಸ್ಯರ ಪಟ್ಟಿಯಲ್ಲಿರುವ ವಿವರಕ್ಕೂ ನೀವು ಕೊಟ್ಟ ವಿವರಕ್ಕೂ ತಾಳೆಯಾಗುತ್ತಿಲ್ಲ, ಇಲ್ಲವೇ ಲಾಗಿನ್ ಆಗಿದ್ದರೂ ಒಳಗೆ ಏನೂ ಕಾಣುತ್ತಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನಾಲ್ಕಕ್ಕೂ ಫೋನನ್ನೇ ಆಫ್ ಮಾಡಿ ಆನ್ ಮಾಡುತ್ತ ಕೂತರೆ ಬೆಳಗ್ಗೆಯೆಲ್ಲ ಹೋಗುತ್ತದೆ.

ಇಲ್ಲಿ ಬೆಳೆಗಾರರ ಸಂಘವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಆದರೆ ವೈದ್ಯರು, ವಕೀಲರು, ಎಂಜಿನಿಯರುಗಳ ಸಂಘಗಳಲ್ಲೂ ವ್ಯವಸ್ಥೆ ಹೆಚ್ಚುಕಡಿಮೆ ಇದೇ.

ಒಳಗೆ ನಡೆಯುವುದೇನು

ಸದಸ್ಯರ ಪಟ್ಟಿ ಇರುವ ಸಾಫ್ಟ್‌ವೇರ್ ಒಂದು, ಚರ್ಚೆ ನಡೆಯುವ ಬಳಗ ಇನ್ನೊಂದು. ನೀವು ಇಮೇಲ್ ಅಥವಾ ಮೊಬೈಲ್ ನಂಬರ್ ಹಾಕಿದ ಕೂಡಲೇ ಬಳಗವು ಪಟ್ಟಿಯನ್ನು ಕೇಳುತ್ತದೆ: ಈ ನಂಬರಿನ ಸದಸ್ಯರು ಇದ್ದಾರಾ, ಚಂದಾ ಕಟ್ಟಿದ್ದಾರಾ, ಆಜೀವ ಸದಸ್ಯರಾ, ವಾರ್ಷಿಕ ಸದಸ್ಯರಾ? ಉತ್ತರ ಸರಿ ಇದ್ದರೆ ಒಟಿಪಿ ಅಥವಾ ಲಿಂಕ್ ಹೊರಡುತ್ತದೆ. ಅದನ್ನು ಹಾಕಿದ ಮೇಲೆ ನಿಮ್ಮ ವರ್ಗಕ್ಕೆ ತಕ್ಕ ಗುಂಪುಗಳು ತೆರೆದುಕೊಳ್ಳುತ್ತವೆ.

ಎಲ್ಲಿ ನಿಂತಿದೆ ಎಂಬುದನ್ನು ಪರದೆಯ ಮೇಲಿನ ಸಂದೇಶವೇ ಹೇಳುತ್ತದೆ. "ಈ ಇಮೇಲ್ ನೋಂದಣಿಯಾಗಿಲ್ಲ" ಎಂದರೆ ತೊಂದರೆ ಪಟ್ಟಿಯಲ್ಲಿದೆ, ನಿಮ್ಮ ಫೋನಿನಲ್ಲಲ್ಲ. "ಒಟಿಪಿ ಅವಧಿ ಮುಗಿದಿದೆ" ಎಂದರೆ ಪಟ್ಟಿ ಸರಿ ಇದೆ, ಎಸ್‌ಎಂಎಸ್ ತಡವಾಗಿದೆ. "ಈ ಪುಟ ನೋಡಲು ಅನುಮತಿ ಇಲ್ಲ" ಎಂದರೆ ಲಾಗಿನ್ ಆಗಿದೆ, ಸದಸ್ಯತ್ವದ ವರ್ಗ ತಪ್ಪಾಗಿದೆ. ಆದ್ದರಿಂದ ಸಂದೇಶ ಕಂಡ ತಕ್ಷಣ ಬ್ಯಾಕ್ ಒತ್ತಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ.

ಒಂದು ಸಂದೇಶ ಮಾತ್ರ ದಾರಿ ತಪ್ಪಿಸುತ್ತದೆ. "ಈ ವಿಳಾಸ ನಮ್ಮಲ್ಲಿದ್ದರೆ ಅದಕ್ಕೆ ಲಿಂಕ್ ಕಳುಹಿಸಲಾಗಿದೆ" ಎಂದು ಕೆಲವು ತಾಣಗಳು ಬರೆಯುತ್ತವೆ. ಯಾರು ಸದಸ್ಯರು, ಯಾರು ಅಲ್ಲ ಎಂಬುದು ಹೊರಗಿನವರಿಗೆ ತಿಳಿಯಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಅಲ್ಲಿರುವ "ಇದ್ದರೆ" ಎಂಬುದನ್ನು ಗಮನಿಸಿ. ಆ ವಿಳಾಸ ಪಟ್ಟಿಯಲ್ಲಿ ಇಲ್ಲದೇ ಹೋದರೂ ಇದೇ ಸಂದೇಶ ಬರುತ್ತದೆ, ಮೇಲ್ ಮಾತ್ರ ಬರುವುದೇ ಇಲ್ಲ.

ಯಾವ ಕಾರಣಕ್ಕೂ "ಹೋಗಲಿ, ಹೊಸ ಖಾತೆ ಮಾಡಿಬಿಡೋಣ" ಎಂದು ಹೊರಡಬೇಡಿ. ಹೊಸ ಖಾತೆಗೆ ಸದಸ್ಯತ್ವ ಸಂಖ್ಯೆ ಅಂಟಿರುವುದಿಲ್ಲ. ಈಗಿರುವ ಒಂದು ತೊಂದರೆಯ ಜೊತೆಗೆ ಎರಡು ಖಾತೆಗಳನ್ನು ಒಂದು ಮಾಡುವ ಕೆಲಸವೂ ಸೇರುತ್ತದೆ.

ಒಟಿಪಿ ಬರದಿದ್ದರೆ

ಮೊದಲ ಪರೀಕ್ಷೆ ಸುಲಭ. ಮನೆಯ ಇನ್ನೊಂದು ಫೋನಿನಿಂದ ನಿಮ್ಮ ನಂಬರಿಗೆ ಒಂದು ಸಾಮಾನ್ಯ ಎಸ್‌ಎಂಎಸ್ ಕಳಿಸಿ. ವಾಟ್ಸ್‌ಆ್ಯಪ್ ಅಲ್ಲ, ಎಸ್‌ಎಂಎಸ್. ಅದು ಬಂದರೆ ನಿಮ್ಮ ಫೋನು, ಸಿಮ್ಮು, ಸಿಗ್ನಲ್ ಮೂರೂ ಸರಿ ಇವೆ, ದೋಷ ಆ ಕಡೆಗಿದೆ. ಬರದಿದ್ದರೆ ಸಂಘದ ಕಚೇರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ಮಲೆನಾಡಿನ ಕಥೆಯೇ ಬೇರೆ. ಮರ ಬಿದ್ದು ಕರೆಂಟ್ ಹೋದರೆ ಟವರು ಬ್ಯಾಟರಿ ಇರುವಷ್ಟು ಹೊತ್ತು ನಡೆದು ನಿಲ್ಲುತ್ತದೆ. ಟವರಿದ್ದರೂ ಹಳ್ಳದ ಬದಿಯ ಮನೆಗೆ ಒಂದು ಕಡ್ಡಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಇಂಥ ಕಡೆ ಫೋನು ನೆಟ್‌ವರ್ಕಿನಲ್ಲಿ ಇಲ್ಲದ ಗಳಿಗೆಯಲ್ಲಿ ಹೊರಟ ಎಸ್‌ಎಂಎಸ್ ಕಂಪನಿಯ ಸಂದೇಶ ಕೇಂದ್ರದಲ್ಲಿ ಕಾಯುತ್ತಿರುತ್ತದೆ. ಅದನ್ನು ಎಳೆದುಕೊಳ್ಳಲು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಏರೋಪ್ಲೇನ್ ಮೋಡ್ ಅರ್ಧ ನಿಮಿಷ ಆನ್ ಮಾಡಿ ಆಫ್ ಮಾಡಿ. ಫೋನು ನೆಟ್‌ವರ್ಕಿಗೆ ಹೊಸದಾಗಿ ಸೇರಿಕೊಂಡಾಗ ಕಾದಿದ್ದ ಸಂದೇಶಗಳು ಸಾಲಾಗಿ ಬರುತ್ತವೆ.

ಎಡವುವುದು ಇಲ್ಲಿಯೇ. "ಮತ್ತೆ ಕಳುಹಿಸಿ" ಎಂದು ನಾಲ್ಕು ಸಲ ಒತ್ತಿದ್ದರೆ ನಾಲ್ಕು ಒಟಿಪಿ ಒಟ್ಟಿಗೆ ಇಳಿಯುತ್ತವೆ. ಸಾಮಾನ್ಯವಾಗಿ ಕೊನೆಯದಕ್ಕೆ ಮಾತ್ರ ಬೆಲೆ, ಉಳಿದವು ಆಗಲೇ ರದ್ದಾಗಿರುತ್ತವೆ. ಸಾಲದ್ದಕ್ಕೆ, ಕಳಿಸಿದ ಕ್ರಮದಲ್ಲೇ ಬರುತ್ತವೆ ಎಂಬ ಖಾತ್ರಿಯೂ ಇಲ್ಲ. ತಪ್ಪು ಒಟಿಪಿ ಹಾಕುತ್ತ ಹೋದರೆ ಖಾತೆ ಸ್ವಲ್ಪ ಹೊತ್ತು ಲಾಕ್ ಆಗುತ್ತದೆ. ಹಾಗಾಗಿ ಬಂದದ್ದನ್ನೆಲ್ಲ ಅಳಿಸಿ, ಕಾಲು ಗಂಟೆ ಬಿಟ್ಟು, ಸಿಗ್ನಲ್ ಇರುವ ಜಾಗದಲ್ಲಿ ನಿಂತು ಒಂದೇ ಒಂದು ಸಲ ಕೇಳಿ.

ಮನೆಗೆ ಫೈಬರ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದವರು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಬಹುದು. ನಿಮ್ಮ ಕಂಪನಿಯೂ ಹ್ಯಾಂಡ್‌ಸೆಟ್ಟೂ ಅದಕ್ಕೆ ಒಗ್ಗಿದರೆ ಕರೆಯ ಜೊತೆಗೆ ಎಸ್‌ಎಂಎಸ್ಸೂ ವೈಫೈ ಮೂಲಕ ಬರುವುದುಂಟು. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಮನೆತನಕ ಬರುತ್ತಿಲ್ಲ ಎಂದರ್ಥ. ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿರುತ್ತದೆ. ರೂಟರನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದು ಸರಿಹೋಗದು, ಲೈನ್‌ಮನ್‌ಗೆ ಹೇಳಬೇಕು.

ಸಿಗ್ನಲ್ ಚೆನ್ನಾಗಿದ್ದೂ ಒಟಿಪಿ ಬರುತ್ತಿಲ್ಲ ಎಂದರೆ, ಸಂಘಕ್ಕೆ ಕೊಟ್ಟಿರುವ ನಂಬರ್ ಯಾವುದು ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಅರ್ಜಿಯಲ್ಲಿ ಬರೆದ ನಂಬರು ಯಜಮಾನರ ಕೀಪ್ಯಾಡ್ ಫೋನಿನದು. ಆ ಫೋನು ಸಿಗ್ನಲ್ ಬರುತ್ತದೆಂದು ಜಗಲಿಯ ಕಿಟಕಿಯ ಮೇಲೆ ಕೂತಿರುತ್ತದೆ, ಒಟಿಪಿಗೆ ಕಾಯುವವರು ಒಳಗೆ ಸ್ಮಾರ್ಟ್‌ಫೋನ್ ಹಿಡಿದು ಕೂತಿರುತ್ತಾರೆ. ಕೀಪ್ಯಾಡ್ ಫೋನಿನಲ್ಲಿ ಮೆಸೇಜ್ ಜಾಗ ತುಂಬಿದ್ದರೆ ಪರದೆಯ ಮೇಲೆ ಲಕೋಟೆಯ ಚಿತ್ರ ಮಿನುಗುತ್ತದೆ. ರೀಚಾರ್ಜ್ ಜಾಹೀರಾತುಗಳನ್ನು ಅಳಿಸುವ ತನಕ ಹೊಸದೇನೂ ಒಳಬರುವುದಿಲ್ಲ.

ಸ್ಮಾರ್ಟ್‌ಫೋನಿನಲ್ಲಾದರೆ ಗೂಗಲ್ ಮೆಸೇಜಸ್ ಆ್ಯಪ್‌ನ ಮೆನುವಿನಲ್ಲಿ "ಸ್ಪ್ಯಾಮ್ ಮತ್ತು ನಿರ್ಬಂಧಿಸಲಾದ" ಎಂಬ ಜಾಗವಿದೆ. ಹಿಂದೊಮ್ಮೆ ಸಂಘದ ಸಂದೇಶವನ್ನು ಜಾಹೀರಾತೆಂದು ತಳ್ಳಿದ್ದರೆ ಒಟಿಪಿಯೂ ಸದ್ದಿಲ್ಲದೆ ಅಲ್ಲಿಗೇ ಹೋಗಿ ಬೀಳುತ್ತದೆ.

ಸಿಮ್ ಹಾಳಾಗಿ ಹೊಸ ಸಿಮ್ ತಂದಿದ್ದೀರಾ? ಅದೇ ನಂಬರಿಗೆ ಬದಲಿ ಸಿಮ್ ಹಾಕಿದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಕಲಿ ಸಿಮ್ ಪಡೆದು ಬ್ಯಾಂಕ್ ಹಣ ಎಗರಿಸುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮವಿದು. ಕರೆ ಬರುತ್ತದೆ, ಇಂಟರ್ನೆಟ್ ನಡೆಯುತ್ತದೆ, ಒಟಿಪಿ ಮಾತ್ರ ಇಲ್ಲ ಎಂದಾದರೆ ಇದನ್ನು ನೆನೆಯಿರಿ. ಒಂದು ದಿನ ಕಾಯುವುದೇ ಮದ್ದು.

"ಡಿಎನ್‌ಡಿ ಹಾಕಿಸಿದ್ದೀನಿ, ಅದಕ್ಕೇ ಬರ್ತಿಲ್ಲ" ಎಂಬ ನಂಬಿಕೆ ಬಹಳ ಜನರಲ್ಲಿದೆ. 1909 ಎಂಬ ನಂಬರಿನಲ್ಲಿ ನೋಂದಾಯಿಸುವ ಡಿಎನ್‌ಡಿ ತಡೆಯುವುದು ವ್ಯಾಪಾರದ ಜಾಹೀರಾತುಗಳನ್ನು. ನೀವೇ ಕೇಳಿದ ಒಟಿಪಿಗೆ ಅದು ಅಡ್ಡ ಬರುವುದಿಲ್ಲ. ಅದನ್ನು ತೆಗೆಸಲು ಹೋಗಬೇಡಿ.

ಕೊನೆಯದಾಗಿ, ಹಳೆಯ ನಂಬರು. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡುತ್ತದೆ. ಸಂಘದ ಪಟ್ಟಿಯಲ್ಲಿ ಅದೇ ಉಳಿದಿದ್ದರೆ ನಿಮ್ಮ ಒಟಿಪಿ ಯಾವುದೋ ಊರಿನ ಯಾರಿಗೋ ಹೋಗುತ್ತಿರುತ್ತದೆ. ಇದನ್ನು ನೀವು ಆನ್‌ಲೈನಿನಲ್ಲಿ ಸರಿಪಡಿಸಲಾರಿರಿ. ಗುರುತಿನ ಚೀಟಿಯೊಂದಿಗೆ ಕಚೇರಿಯಲ್ಲೇ ಬದಲಿಸಬೇಕು.

ಇಮೇಲ್ ಬರದಿದ್ದರೆ

ಮೊದಲ ಪ್ರಶ್ನೆ: ಅದು ಯಾರು ಮಾಡಿಕೊಟ್ಟ ಇಮೇಲ್? ಯಾವುದೋ ಅರ್ಜಿ ತುಂಬುವಾಗ ಸೈಬರ್ ಸೆಂಟರಿನವರು ಮಾಡಿಕೊಟ್ಟ ವಿಳಾಸವನ್ನೇ ಸಂಘಕ್ಕೂ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ಪಾಸ್‌ವರ್ಡ್ ಅವರ ಹತ್ತಿರ ಇತ್ತು, ಅವರೂ ಮರೆತಿದ್ದಾರೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಅಂಥ ವಿಳಾಸವನ್ನು ಹುಡುಕುವ ಬದಲು, ಈಗ ನಿಮ್ಮ ಫೋನಿನ ಪ್ಲೇ ಸ್ಟೋರಿನಲ್ಲಿ ಕಾಣುವ ಜಿಮೇಲ್ ವಿಳಾಸವನ್ನೇ ಸಂಘಕ್ಕೆ ಕೊಡಿ. ಅದು ಬಳಕೆಯಲ್ಲಿದೆ ಎಂಬುದಾದರೂ ಖಚಿತ.

ಎರಡನೆಯದು ಯಾರೂ ಶಂಕಿಸದ ಕಾರಣ: ಜಾಗ ತುಂಬಿರುವುದು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದರ ಲೆಕ್ಕಕ್ಕೇ ಸೇರುತ್ತದೆ. ಮದುವೆ ವಿಡಿಯೊ, ಗುಡ್ ಮಾರ್ನಿಂಗ್ ವಿಡಿಯೊಗಳು ಸೇರಿ 15 ಜಿಬಿ ಮುಗಿದರೆ ಹೊಸ ಮೇಲ್ ಒಳಗೆ ಬರುವುದೇ ನಿಲ್ಲುತ್ತದೆ. ಫೋನಿನಲ್ಲಿ ಜಾಗ ಇದೆಯಲ್ಲ ಎಂದು ವಾದಿಸಬೇಡಿ, ಇದು ಫೋನಿನ ಜಾಗವಲ್ಲ. ಗೂಗಲ್ ಖಾತೆಯ ಸ್ಟೋರೇಜ್ ಪುಟದಲ್ಲಿ ನೋಡಿ ದೊಡ್ಡ ವಿಡಿಯೊಗಳನ್ನು ಅಳಿಸಿ, ಆಮೇಲೆ ಟ್ರ್ಯಾಶ್ ಅನ್ನೂ ಖಾಲಿ ಮಾಡಿ. ಟ್ರ್ಯಾಶ್ ಖಾಲಿಯಾಗದಿದ್ದರೆ ಒಂದು ಎಂಬಿಯೂ ಬಿಡುಗಡೆಯಾಗದು. ಅಳಿಸುವ ಮುಂಚೆ ಬೇಕಾದ ಫೋಟೊಗಳು ಬೇರೆಡೆ ಇವೆಯೇ ನೋಡಿಕೊಳ್ಳಿ, ಗೂಗಲ್ ಫೋಟೋಸಿನಿಂದ ಅಳಿಸಿದರೆ ಫೋನಿನಿಂದಲೂ ಹೋಗಬಹುದು.

ಜಾಗ ಮಾಡಿಕೊಟ್ಟ ಮೇಲೂ ಮೇಲ್ ಬರದಿದ್ದರೆ ಆಶ್ಚರ್ಯವಿಲ್ಲ. ಹಿಂದೆ ಕಳಿಸಿದ ಮೇಲ್‌ಗಳು ವಾಪಸಾಗಿದ್ದರೆ, ಸಂಘದ ಮೇಲ್ ಕಳಿಸುವ ಸೇವೆ ನಿಮ್ಮ ವಿಳಾಸವನ್ನು "ಇದಕ್ಕೆ ಇನ್ನು ಕಳಿಸಬೇಡ" ಎಂಬ ಪಟ್ಟಿಗೆ ಹಾಕಿರುತ್ತದೆ. ಆ ಪಟ್ಟಿಯಿಂದ ತೆಗೆಯುವುದು ಕಚೇರಿಯವರ ಕೆಲಸ. ಫೋನ್ ಮಾಡಿ, "ನನ್ನ ವಿಳಾಸ ಬೌನ್ಸ್ ಅಥವಾ ಸಪ್ರೆಷನ್ ಪಟ್ಟಿಯಲ್ಲಿದೆಯಾ ನೋಡಿ" ಎಂದೇ ಕೇಳಿ. ಈ ಎರಡು ಪದ ಹೇಳಿದರೆ ಅವರಿಗೂ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ.

ಇಮೇಲ್ ಬರೆದುಕೊಟ್ಟ ರೀತಿಯಲ್ಲೂ ತಪ್ಪುಗಳಿರುತ್ತವೆ. ಕೈಬರಹದ ಅರ್ಜಿಯಲ್ಲಿ ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಚಿಕ್ಕ ಎಲ್‌ಗೂ ವ್ಯತ್ಯಾಸ ಕಾಣುವುದಿಲ್ಲ. ಮುದ್ರಿತ ಲಿಂಕಿನ ಅಡಿಗೆರೆಯೊಳಗೆ ಅಂಡರ್‌ಸ್ಕೋರ್ ಮುಚ್ಚಿಹೋಗುತ್ತದೆ. ಜಿಮೇಲ್ ಹೆಸರಿನ ನಡುವಿನ ಚುಕ್ಕೆಗಳನ್ನು ಗೂಗಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಚುಕ್ಕೆ ಇಟ್ಟರೂ ಬಿಟ್ಟರೂ ಮೇಲ್ ನಿಮಗೇ ಬರುತ್ತದೆ. ಆದರೆ ಸಂಘದ ಸಾಫ್ಟ್‌ವೇರಿಗೆ ಅವೆರಡೂ ಬೇರೆ ಬೇರೆ ವಿಳಾಸ. ಹಾಗಾಗಿ ಸಂಘದ ಮೇಲ್‌ಗಳು ಬರುತ್ತಿದ್ದರೂ "ಈ ಇಮೇಲ್ ನೋಂದಣಿಯಾಗಿಲ್ಲ" ಎಂಬ ಉತ್ತರ ಸಿಗುತ್ತದೆ. ಹಳೆಯ ಮೇಲೊಂದನ್ನು ತೆರೆದು, "ಗೆ" (ಟು) ಎಂಬಲ್ಲಿ ಇರುವ ವಿಳಾಸವನ್ನು ಚುಕ್ಕೆ ಸಮೇತ ಹಾಗೆಯೇ ಹಾಕಿ.

ಇನ್ನೊಂದು ಸಣ್ಣ ಕಿಡಿಗೇಡಿ ಫೋನಿನ ಕೀಬೋರ್ಡು. ಸೂಚಿಸಿದ ಪದವನ್ನು ಒತ್ತಿದಾಗ ವಿಳಾಸದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಸುತ್ತದೆ. ಪಾಸ್‌ವರ್ಡಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಸದಸ್ಯತ್ವ ಸಂಖ್ಯೆ ಕನ್ನಡ ಅಂಕಿಯಲ್ಲಿ ಬೀಳಬಹುದು, ಸಾಫ್ಟ್‌ವೇರು ಅದನ್ನು ಒಪ್ಪುವುದಿಲ್ಲ. ಲಾಗಿನ್ ಪುಟದಲ್ಲಿ ಇಂಗ್ಲಿಷ್ ಕೀಬೋರ್ಡನ್ನೇ ಇಟ್ಟುಕೊಳ್ಳಿ, ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಬರೆದದ್ದನ್ನು ಓದಿನೋಡಿ.

ಮೇಲ್ ಬಂತು, ಲಿಂಕ್ ಒತ್ತಿದರೆ "ಈ ಲಿಂಕ್ ಬಳಸಲಾಗಿದೆ" ಎನ್ನುತ್ತದೆ. ಬೆಂಗಳೂರಿನಲ್ಲಿರುವ ಮಗನಿಗೆ "ಸ್ವಲ್ಪ ನೋಡಪ್ಪ" ಎಂದು ಫಾರ್ವರ್ಡ್ ಮಾಡಿದ್ದಿರೇ? ಅವನು ಅಲ್ಲಿ ಒತ್ತಿದಾಗಲೇ ಅದರ ಆಯಸ್ಸು ಮುಗಿಯಿತು. ಈ ಲಿಂಕುಗಳು ಒಂದೇ ಸಲದವು. ಮಗನ ಸಹಾಯ ಬೇಕಿದ್ದರೆ ಲಿಂಕ್ ಕಳಿಸದೆ ವಿಡಿಯೊ ಕಾಲ್ ಮಾಡಿ, ಇಲ್ಲಿಯ ಫೋನಿನಲ್ಲೇ ಒತ್ತಿ. ಲಿಂಕನ್ನು ಜಿಮೇಲ್‌ನೊಳಗಿನ ಪುಟ್ಟ ಕಿಂಡಿಯಲ್ಲಿ ತೆರೆಯದೆ ಕ್ರೋಮ್‌ನಲ್ಲಿ ತೆರೆಯುವುದು ಒಳ್ಳೆಯದು. ಒಂದರಲ್ಲಿ ಆದ ಲಾಗಿನ್ ಇನ್ನೊಂದಕ್ಕೆ ಗೊತ್ತಾಗದೇ ಹೋಗಬಹುದು.

ಸ್ಪ್ಯಾಮ್, ಪ್ರೊಮೋಷನ್ಸ್ ವಿಭಾಗಗಳನ್ನು ನೋಡಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಸಿಕ್ಕಿದರೆ "ಸ್ಪ್ಯಾಮ್ ಅಲ್ಲ" ಎಂದು ಒತ್ತಿ, ಕಳಿಸಿದ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸಿ. ಆದರೆ ಹತ್ತಾರು ಸದಸ್ಯರಿಗೆ ಒಟ್ಟಿಗೆ ಸ್ಪ್ಯಾಮಿಗೆ ಹೋಗುತ್ತಿದ್ದರೆ ಅದು ಸದಸ್ಯರ ಫೋನಿನ ದೋಷವಲ್ಲ. ಕಚೇರಿಯವರು ತಮ್ಮ ಡೊಮೇನಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳು (ಮೇಲ್ ನಿಜವಾಗಿ ಸಂಘದಿಂದಲೇ ಬಂದದ್ದು ಎಂದು ತೋರಿಸುವ ಗುರುತುಗಳು) ಸರಿಯಾಗಿವೆಯೇ ಎಂದು ನೋಡಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ.

ಸದಸ್ಯರ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದರೆ

ಚಂದಾ ಕಟ್ಟಿದ್ದೀರಿ, ಬಳಗ "ಸದಸ್ಯತ್ವ ಮುಗಿದಿದೆ" ಎನ್ನುತ್ತದೆ. ನೀವು ಕಳಿಸಿದ ಹಣ ಸಂಘದ ಬ್ಯಾಂಕ್ ಖಾತೆಗೆ ಬಂದಿರುತ್ತದೆ, ಆದರೆ ಯಾರದೆಂದು ಗೊತ್ತಾಗಿರುವುದಿಲ್ಲ. ತೋಟದ ಪಾಲುದಾರಿಕೆ ಸಂಸ್ಥೆಯ ಖಾತೆಯಿಂದಲೋ ಮಗಳ ಯುಪಿಐನಿಂದಲೋ ಕಟ್ಟಿದರೆ ಸ್ಟೇಟ್‌ಮೆಂಟಿನಲ್ಲಿ ಆ ಹೆಸರೇ ಬರುತ್ತದೆ. ಕಚೇರಿಗೆ "ಹಣ ಕಟ್ಟಿದ್ದೀನಿ" ಎಂದರೆ ಸಾಲದು, ವಹಿವಾಟಿನ ಸಂಖ್ಯೆ ಕೊಡಿ. ಯುಪಿಐ ಆದರೆ 12 ಅಂಕಿ, ನೆಫ್ಟ್ ಆದರೆ 16 ಅಕ್ಷರ ಮತ್ತು ಅಂಕಿಗಳ ಯುಟಿಆರ್. ಫೋನ್‌ಪೇ, ಗೂಗಲ್ ಪೇಗಳು ತಮ್ಮದೇ ಉದ್ದದ ಇನ್ನೊಂದು ಸಂಖ್ಯೆಯನ್ನೂ ತೋರಿಸುತ್ತವೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಲು ಬೇಕಾದದ್ದು 12 ಅಂಕಿಯದು. ಅವರು ನಮೂದಿಸಿದ ಕೂಡಲೇ ಬಳಗ ತೆರೆಯಲಿಕ್ಕಿಲ್ಲ. ಎರಡು ಸಾಫ್ಟ್‌ವೇರುಗಳು ರಾತ್ರಿ ಒಮ್ಮೆ ಮಾತ್ರ ತಾಳೆ ಮಾಡಿಕೊಳ್ಳುವ ವ್ಯವಸ್ಥೆ ಇದ್ದರೆ ಮರುದಿನ ಬೆಳಗ್ಗೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು.

ಈ ಭಾಗದಲ್ಲಿ ಇನ್ನೂ ಗಂಟಿನ ವಿಷಯ ಯಾರ ಹೆಸರಿನಲ್ಲಿ ಸದಸ್ಯತ್ವ ಇದೆ ಎಂಬುದು. ತೋಟ ನೋಡುತ್ತಿರುವುದು ಮಗ, ಸದಸ್ಯತ್ವ ತೀರಿಕೊಂಡ ಅಪ್ಪನ ಹೆಸರಿನಲ್ಲಿ. ಇಲ್ಲವೇ ಅಣ್ಣತಮ್ಮಂದಿರು ಭಾಗವಾದ ಮೇಲೂ ಹಳೆಯ ಎಸ್ಟೇಟಿನ ಹೆಸರೇ ಪಟ್ಟಿಯಲ್ಲಿದೆ. ಅಪ್ಪನ ಲಾಗಿನ್ನಿನಲ್ಲೇ ಮಗ ಬರೆಯುತ್ತಿದ್ದರೆ ಸದ್ಯಕ್ಕೆ ನಡೆಯುತ್ತದೆ, ಮತದಾನ ಅಥವಾ ಮಹಾಸಭೆಯ ನೋಟಿಸಿನ ಹೊತ್ತಿಗೆ ತಕರಾರು ಬರುತ್ತದೆ. ಹೆಸರು ವರ್ಗಾವಣೆ ಸಂಘದ ಬೈಲಾ ಪ್ರಕಾರ ಆಗುವ ಕೆಲಸ, ಬಳಗದ ಪ್ರೊಫೈಲಿನಲ್ಲಿ ಹೆಸರು ತಿದ್ದಿದರೆ ಆಗುವುದಿಲ್ಲ. ಸಂಸ್ಥೆಯ ಹೆಸರಿನ ಸದಸ್ಯತ್ವವಾದರೆ ಪ್ರತಿನಿಧಿ ಯಾರು ಎಂದು ಪತ್ರ ಕೊಟ್ಟು, ಅವರ ಸ್ವಂತ ಇಮೇಲನ್ನೇ ನಮೂದಿಸಿ. ತೋಟದ ಲೆಕ್ಕ ಬರೆಯುವ ರೈಟರ್ ಇಮೇಲ್ ಕೊಟ್ಟರೆ, ಅವರು ಕೆಲಸ ಬಿಟ್ಟ ದಿನ ಲಾಗಿನ್ನೂ ಹೋಯಿತು.

ಇನಿಷಿಯಲ್ ಹೆಸರಿನ ಮುಂದೆ ಬಂದರೆ ಒಬ್ಬ, ಹಿಂದೆ ಬಂದರೆ ಇನ್ನೊಬ್ಬ ಎಂದು ಸಾಫ್ಟ್‌ವೇರು ತಿಳಿಯುತ್ತದೆ. ಎರಡು ಪ್ರೊಫೈಲ್ ಕಂಡರೆ ಯಾವುದನ್ನೂ ನೀವೇ ಅಳಿಸಬೇಡಿ, ಒಂದು ಮಾಡಲು ಕಚೇರಿಗೆ ಹೇಳಿ.

ಒಳಗೆ ಹೋದ ಮೇಲೆ

ಲಾಗಿನ್ ಆಗಿದೆ, ಪುಟ ಮಾತ್ರ ಬಣಬಣ. ಹೆಚ್ಚಿನ ಸಲ ಇದು ಅತಿಥಿ ಪ್ರೊಫೈಲ್, ಅಂದರೆ ಮೇಲೆ ಹೇಳಿದ ಹೊಸ ಖಾತೆಯ ಫಲ. ಪ್ರೊಫೈಲಿನಲ್ಲಿ ಸದಸ್ಯತ್ವ ಸಂಖ್ಯೆ ಇದೆಯೇ ನೋಡಿದರೆ ಗೊತ್ತಾಗುತ್ತದೆ.

ಪುಟ ತೆರೆಯುವ ಮೊದಲೇ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂಬ ಎಚ್ಚರಿಕೆ ಬಂದರೆ ಫೋನಿನ ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಇಳಿದ ಹಳೆಯ ಹ್ಯಾಂಡ್‌ಸೆಟ್ಟುಗಳು ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತವೆ. ಲಾಗಿನ್ ಸಂಖ್ಯೆಯನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸುವವರಿಗೂ ಇದೇ ಮಾತು. ಅದರ 6 ಅಂಕಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವುದು ಫೋನಿನ ಗಡಿಯಾರ ನೋಡಿಕೊಂಡು, ಗಡಿಯಾರ ಎರಡು ನಿಮಿಷ ತಪ್ಪಿದರೂ ಸಂಖ್ಯೆ ಸೇರದು. ಸಮಯವನ್ನು ಆಟೊಮ್ಯಾಟಿಕ್ ಮಾಡಿ.

ಕನ್ನಡದಲ್ಲಿ ಬರೆದದ್ದು ಇಂಗ್ಲಿಷ್ ಅಕ್ಷರಗಳ ತಲೆಮೇಲೆ ಕೊಂಬು, ಬಾಲ ಇಟ್ಟಂತೆ ಕಾಣುತ್ತಿದ್ದರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಆ ಫಾಂಟ್ ಇರುವ ಕಚೇರಿ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡರೂ ಬಳಗದಲ್ಲಿ ಯಾರಿಗೂ ಓದಲಾಗದು. ಆಸ್ಕಿಯಿಂದ, ಎಲ್ಲರ ಫೋನಿನಲ್ಲೂ ಕಾಣುವ ಯೂನಿಕೋಡಿಗೆ ಪರಿವರ್ತಿಸಿ ಹಾಕಿ, ಒತ್ತಕ್ಷರಗಳನ್ನು ಒಮ್ಮೆ ಓದಿನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ, ಅದರಲ್ಲೂ ಅರ್ಕಾವತ್ತು.

ದಿನಕ್ಕೆ ಮೂವತ್ತು ಮೇಲ್ ಬಂದು ತಲೆ ಚಿಟ್ಟು ಹಿಡಿದರೆ ಅನ್‌ಸಬ್‌ಸ್ಕ್ರೈಬ್ ಒತ್ತಬೇಡಿ, ಚುನಾವಣೆ ನೋಟಿಸೂ ನಿಂತುಹೋಗಬಹುದು. ಸೂಚನೆಗಳ ಸೆಟ್ಟಿಂಗಿನಲ್ಲಿ "ದಿನಕ್ಕೊಂದು ಸಾರಾಂಶ" ಆಯ್ದುಕೊಳ್ಳಿ. ಸಾರಾಂಶದ ಮೇಲಿಗೆ ಉತ್ತರಿಸುವಾಗ ಅದು ಎಲ್ಲರಿಗೂ ಹೋಗುತ್ತದೋ ಬರೆದವರಿಗೆ ಮಾತ್ರವೋ ಎಂದು ಬಟನ್ ನೋಡಿ ಒತ್ತಿ. ಕಾಫಿ ಯಾವ ರೇಟಿಗೆ ಕೊಟ್ಟಿರಿ ಎಂಬುದು ಇಡೀ ಜಿಲ್ಲೆಗೆ ತಿಳಿಯುವುದು ಹೀಗೆಯೇ.

"ಪ್ರಶ್ನೆ ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ" ಎಂಬುದೂ ಒಂದು ದೋಷವೇ. ಮೊದಲ ಬರಹ ನಿರ್ವಾಹಕರ ಒಪ್ಪಿಗೆಗೆ ಕಾಯುತ್ತಿರಬಹುದು. ಒಪ್ಪಿಗೆಯಾಗಿಯೂ ಉತ್ತರವಿಲ್ಲದಿದ್ದರೆ ಪ್ರಶ್ನೆಯನ್ನೇ ನೋಡಿ. "ಗಿಡ ಹಳದಿಯಾಗ್ತಿದೆ, ಏನು ಮಾಡ್ಬೇಕು?" ಎಂದು ಕೇಳಿದರೆ ಎಂಥ ಅನುಭವಿಯೂ ಏನು ಹೇಳಿಯಾನು? ಅರೇಬಿಕವೋ ರೊಬಸ್ಟವೋ, ತಳಿ ಚಂದ್ರಗಿರಿಯೋ ಸೆಲೆಕ್ಷನ್ 795ಓ, ಗಿಡದ ವಯಸ್ಸು, ನೆರಳು ಎಷ್ಟಿದೆ, ಕೊನೆಯ ಸಿಂಪಡಣೆ ಯಾವಾಗ, ಅಲ್ಲೊಂದು ಇಲ್ಲೊಂದು ಗಿಡವೋ ಇಡೀ ಬ್ಲಾಕೋ ಎಂದು ಬರೆಯಿರಿ. ಫೋಟೊ ಮೂರು ಬೇಕು: ಇಡೀ ಗಿಡ, ಎಲೆಯ ಅಡಿಭಾಗ, ಬುಡದಿಂದ ಮೇಲಕ್ಕೆ ಕಾಂಡ. ಎಲೆ ತುಕ್ಕು ರೋಗದ ಕಿತ್ತಳೆ ಬಣ್ಣದ ಪುಡಿ ಇರುವುದು ಎಲೆಯ ಅಡಿಗೆ, ಬಿಳಿ ಕಾಂಡಕೊರಕದ ಉಬ್ಬುಗೆರೆ ಕಾಣುವುದು ಅರೇಬಿಕ ಕಾಂಡದ ತೊಗಟೆಯ ಮೇಲೆ. ಮೇಲಿನಿಂದ ತೆಗೆದ ಒಂದೇ ಫೋಟೊದಲ್ಲಿ ಎರಡೂ ಸಿಗುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಬಂದ ಫೋಟೊವನ್ನೇ ಮತ್ತೆ ಹಾಕಿದರೆ ಗೆರೆಗಳು ಮಸುಕಾಗಿರುತ್ತವೆ, ಕ್ಯಾಮೆರಾದ ಮೂಲ ಚಿತ್ರ ಹಾಕಿ. ಐಫೋನಿನ ಚಿತ್ರ ಅಪ್‌ಲೋಡ್ ಆಗದಿದ್ದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆಯ್ದು ಹೊಸದಾಗಿ ತೆಗೆಯಿರಿ.

ಪ್ರೊಫೈಲಿನಲ್ಲಿ ಮೊಬೈಲ್ ನಂಬರ್ ಯಾರಿಗೆ ಕಾಣಬೇಕು ಎಂಬುದನ್ನೂ ಆಗಲೇ ಆರಿಸಿಬಿಡಿ. ಮೊದಲ ಲಾಗಿನ್ನಿನಲ್ಲಿ ಅದು "ಎಲ್ಲ ಸದಸ್ಯರಿಗೆ" ಎಂದೇ ಇರುವುದುಂಟು.

ಕಚೇರಿಗೆ ಫೋನ್ ಮಾಡುವಾಗ

ಸದಸ್ಯತ್ವ ಸಂಖ್ಯೆ, ಅರ್ಜಿಯಲ್ಲಿ ಕೊಟ್ಟ ಇಮೇಲ್ ಮತ್ತು ಮೊಬೈಲ್, ಪರದೆಯಲ್ಲಿ ಬಂದ ಸಂದೇಶ, ಒಟಿಪಿ ಕೇಳಿದ ದಿನ ಮತ್ತು ಗಂಟೆ ಇವಿಷ್ಟು ಕೈಯಲ್ಲಿರಲಿ. ಗಂಟೆ ಗೊತ್ತಿದ್ದರೆ ಆ ಒಟಿಪಿ ಹೊರಟಿತ್ತೋ ಇಲ್ಲವೋ ಎಂದು ಅವರು ದಾಖಲೆಯಲ್ಲಿ ನೋಡಿ ಹೇಳಬಲ್ಲರು. ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಅವರು ಕೇಳುವ ಅಗತ್ಯವೇ ಇಲ್ಲ. "ಸಂಘದಿಂದ ಮಾತಾಡ್ತಿದ್ದೀವಿ, ಕೆವೈಸಿ ಮುಗಿದಿದೆ, ಒಟಿಪಿ ಹೇಳಿ" ಎಂದು ಯಾರಾದರೂ ಅವರಾಗಿಯೇ ಫೋನ್ ಮಾಡಿದರೆ ಕರೆ ಕಟ್ ಮಾಡಿ, ಕಚೇರಿಯ ನಂಬರಿಗೆ ನೀವೇ ತಿರುಗಿ ಮಾಡಿ ವಿಚಾರಿಸಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಸಂಘಕ್ಕೆ ಆಮೇಲೆ.